ಭೋಗ, ದುಃಖ, ತ್ಯಾಗ: ಕನ್ನಡದ ಮೂರು ಜೈನಕೃತಿಗಳನ್ನು ಕುರಿತು ಒಂದು ವಿಮರ್ಶೆ

ಮನುಷ್ಯನು ಸುಖವನ್ನು ಬಯಸುತ್ತಾನೆ, ದುಃಖಕ್ಕೆ ಅಂಜುತ್ತಾನೆ. ಇದಕ್ಕೆ ಯಾರ ಸಾಕ್ಷ್ಯವೂ ಬೇಕಿಲ್ಲ. ಆದರೆ ಅದೇ ಮನುಷ್ಯನು ಕೆಲವೊಮ್ಮೆ ಕೈಗೆ ಬಂದ ಸುಖವನ್ನು ತಾನಾಗಿಯೇ ತೊರೆದು, ತಪ್ಪಿಸಿಕೊಳ್ಳಬಹುದಾದ ದುಃಖವನ್ನು ತಾನಾಗಿಯೇ ಬರಮಾಡಿಕೊಳ್ಳುತ್ತಾನೆ. ಮತ್ತು ಹಾಗೆ ಮಾಡಿದವನನ್ನು ಲೋಕವು ಹುಚ್ಚನೆನ್ನದೆ ಪೂಜ್ಯನೆನ್ನುತ್ತದೆ. ಈ ವಿಪರ್ಯಾಸಕ್ಕೆ ಸಮಾಧಾನವೇನು? ದುಃಖದಲ್ಲಿ ಸ್ವತಃ ಒಂದು ಮೌಲ್ಯವಿದೆಯೆ? ಇಲ್ಲವಾದರೆ ತ್ಯಾಗವು ಯಾವುದನ್ನು ತ್ಯಜಿಸುತ್ತದೆ?

ತತ್ತ್ವಜ್ಞರು ಈ ಪ್ರಶ್ನೆಗೆ ಹಲವು ಉತ್ತರಗಳನ್ನು ಕೊಟ್ಟಿದ್ದಾರೆ. ಸುಖದುಃಖಗಳೇ ಮನುಷ್ಯನ ಇಬ್ಬರು ಒಡೆಯರೆಂದು ಬಗೆದು, ಅವುಗಳ ಪ್ರಮಾಣವನ್ನು ಲೆಕ್ಕ ಹಾಕಿ ಕರ್ತವ್ಯವನ್ನು ನಿರ್ಣಯಿಸಬಹುದೆಂದು ಬೆಂಥಮನು ೧೭೮೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಅವನ ದಾರಿಯಲ್ಲಿಯೇ ನಡೆದ ಮಿಲ್ ಆತ್ಮತ್ಯಾಗವನ್ನು ಗೌರವಿಸಿದರೂ, ಅದು ಲೋಕದ ಒಟ್ಟು ಸುಖವನ್ನು ಹೆಚ್ಚಿಸದಿದ್ದರೆ ವ್ಯರ್ಥವೆಂದು ತಿಳಿದನು. ನಮ್ಮಲ್ಲಿ ಭಗವದ್ಗೀತೆಯು ಸುಖವನ್ನೂ ತಪಸ್ಸನ್ನೂ ಸಾತ್ತ್ವಿಕ, ರಾಜಸ, ತಾಮಸವೆಂದು ವಿಂಗಡಿಸಿ, ಮೂಢಾಗ್ರಹದಿಂದ ದೇಹವನ್ನು ಪೀಡಿಸುವ ತಪಸ್ಸನ್ನು ತಾಮಸದ ಪಾಲಿಗೆ ಸೇರಿಸಿತು. ಬುದ್ಧನು ಭೋಗಲೋಲುಪತೆ, ದೇಹದಂಡನೆ ಎರಡನ್ನೂ ಅಂತ್ಯಗಳೆಂದು ಬಿಟ್ಟು ನಡುದಾರಿಯನ್ನು ಹಿಡಿದನು. ಇವೆಲ್ಲ ಸಿದ್ಧಾಂತಗಳು. ಕಾವ್ಯವಾದರೋ ಸಿದ್ಧಾಂತವನ್ನು ಒಬ್ಬ ವ್ಯಕ್ತಿಯ ಬಾಳಿನಲ್ಲಿಟ್ಟು ಒರೆಗೆ ಹಚ್ಚುತ್ತದೆ. ಹಾಗೆ ಒರೆಗೆ ಹಚ್ಚಿದ ಮೂರು ಕನ್ನಡ ಕೃತಿಗಳನ್ನು, ಎಂದರೆ ವಡ್ಡಾರಾಧನೆ, ಪಂಪನ ಆದಿಪುರಾಣ, ರತ್ನಾಕರವರ್ಣಿಯ ಭರತೇಶ ವೈಭವಗಳನ್ನು, ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹೀಗೆ ಪರಿಶೀಲಿಸಲು ಒಂದು ವಿಶೇಷ ಕಾರಣವುಂಟು. ಜೈನಕವಿಯು ಭೋಗವನ್ನು ವರ್ಣಿಸುವಾಗ ಕವಿ, ತ್ಯಾಗವನ್ನು ಬೋಧಿಸುವಾಗ ಮತಪ್ರವರ್ತಕ ಎಂಬ ಒಂದು ಅಭಿಪ್ರಾಯ ನಮ್ಮ ತರಗತಿಗಳಲ್ಲಿ ಬೇರೂರಿದೆ. ಇದರ ಪ್ರಕಾರ ಕಾವ್ಯದಲ್ಲಿ ಎರಡು ಭಾಗಗಳು: ಸವಿಯತಕ್ಕದ್ದು ಒಂದು, ಸಹಿಸತಕ್ಕದ್ದು ಇನ್ನೊಂದು. ಆದರೆ ತನ್ನ ಆದಿಪುರಾಣದಲ್ಲಿ ಕಾವ್ಯಧರ್ಮವನ್ನೂ ಧರ್ಮವನ್ನೂ ಒಟ್ಟಿಗೇ ಅರಿಯಬೇಕೆಂದು ಹೇಳಿಕೊಂಡ ಪಂಪನಿಗೆ ಈ ಇಬ್ಭಾಗ ಒಪ್ಪಿಗೆಯಾಗುತ್ತಿತ್ತೆ? ಆಗುತ್ತಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

೧

ವಡ್ಡಾರಾಧನೆಯ ಕರ್ತೃ, ಕಾಲ, ಹೆಸರು ಮೂರೂ ವಿದ್ವಾಂಸರ ಚರ್ಚೆಗೆ ಒಳಗಾಗಿವೆ. ಅದು ಸುಮಾರು ಹತ್ತನೆಯ ಶತಮಾನದ ಗದ್ಯಕೃತಿಯೆಂಬುದು ಬಳಕೆಯಲ್ಲಿರುವ ಅಭಿಪ್ರಾಯ. ೧೯೪೯ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ಅದು ಹೊರಬಂದ ಮೇಲೆ ಹಳಗನ್ನಡ ಗದ್ಯದ ಶಕ್ತಿ ಎಲ್ಲರಿಗೂ ಗೋಚರವಾಯಿತು. ಅದರ ಹತ್ತೊಂಬತ್ತು ಕಥೆಗಳಿಗೂ ಒಂದೇ ಗುರಿ: ಸಾವಿನ ಸಮಯದಲ್ಲಿ ಬಂದೊದಗಿದ ಘೋರ ವೇದನೆಯನ್ನು ಮಹಾಪುರುಷರು ಹೇಗೆ ಸಹಿಸಿದರೆಂಬುದನ್ನು ಹೇಳಿ, ಸಲ್ಲೇಖನವ್ರತದಲ್ಲಿರುವವನಿಗೆ ಧೈರ್ಯದ ಕವಚವನ್ನು ತೊಡಿಸುವುದು.

ಮೊದಲ ಕಥೆಯ ಸುಕುಮಾರಸ್ವಾಮಿಯನ್ನೇ ತೆಗೆದುಕೊಳ್ಳೋಣ. ಉಜ್ಜಯಿನಿಯ ಈ ಶ್ರೇಷ್ಠಿಪುತ್ರನ ಸೌಕುಮಾರ್ಯವನ್ನು ಕಥೆಗಾರನು ಮೂರು ಸಣ್ಣ ವಿವರಗಳಿಂದ ನಮಗೆ ಮನಗಾಣಿಸುತ್ತಾನೆ. ಮನೆಗೆ ಬಂದ ಅರಸನ ಎದುರಿನಲ್ಲಿ ಅವನು ಕುಳಿತಲ್ಲಿ ಕುಳಿತಿರಲಾರ, ಏಕೆಂದರೆ ಮಂಗಳಕ್ಕಾಗಿ ಚೆಲ್ಲಿದ ಸಾಸುವೆ ಅವನನ್ನು ಒತ್ತುತ್ತದೆ. ದೀಪದ ಕಡೆ ನೋಡಿದರೆ ಅವನ ಕಣ್ಣಲ್ಲಿ ನೀರು, ಏಕೆಂದರೆ ಅವನು ಬಲ್ಲದ್ದು ರತ್ನಗಳ ಬೆಳಕನ್ನು ಮಾತ್ರ. ಊಟಕ್ಕೆ ಕುಳಿತರೆ ಅಗುಳುಗಳನ್ನು ಆರಿಸಿ ತಿನ್ನುತ್ತಾನೆ, ಏಕೆಂದರೆ ತಾವರೆಯಲ್ಲಿಟ್ಟು ಕಂಪುಗೊಂಡ ಅಕ್ಕಿಯ ಜೊತೆಗೆ ಅಂದು ಬೇರೆ ಅಕ್ಕಿ ಬೆರೆತಿತ್ತು. ಅರಸನು ಇವನ್ನು ಮೂರು ವ್ಯಾಧಿಗಳೆಂದು ತಿಳಿಯುತ್ತಾನೆ. ತಾಯಿ ನಕ್ಕು ಕಾರಣವನ್ನು ತಿಳಿಸುತ್ತಾಳೆ. ಆದರೆ ಅರಸನ ತಪ್ಪು ತಿಳಿವಳಿಕೆಯಲ್ಲಿ ಒಂದು ನಿಜವಿದೆ. ಭೋಗವು ಪರಾಕಾಷ್ಠೆಗೆ ಮುಟ್ಟಿದಾಗ ವ್ಯಾಧಿಯಂತೆಯೇ ಕಾಣುತ್ತದೆ. ಸುಖದ ಅಭ್ಯಾಸ ಹೆಚ್ಚಿದಷ್ಟೂ ದುಃಖಕ್ಕೆ ಬಾಗಿಲುಗಳು ಹೆಚ್ಚುತ್ತವೆ. ಕೊನೆಗೆ ಒಂದು ಸಾಸುವೆಯ ಕಾಳೂ ಶತ್ರುವಾಗಬಲ್ಲದು. ಇದನ್ನು ಉಪದೇಶವಾಗಿ ಹೇಳದೆ ಒಂದು ನಗೆಯ ಪ್ರಸಂಗವಾಗಿ ಹೇಳಿರುವುದು ಕಥೆಗಾರನ ಜಾಣತನ.

ಇಂಥವನು ತನಗೆ ಉಳಿದಿರುವ ಆಯುಷ್ಯ ಮೂರೇ ದಿನವೆಂದು ತಿಳಿದೊಡನೆ ಮನೆಯನ್ನು ಬಿಡುತ್ತಾನೆ. ನೆಲವನ್ನು ಮುಟ್ಟದ ಪಾದಗಳಿಂದ ನೆತ್ತರು ಒಸರುತ್ತದೆ. ಆ ನೆತ್ತರ ಜಾಡನ್ನು ಹಿಡಿದು ಮರಿಗಳೊಡನೆ ಬಂದ ಒಂದು ನರಿ, ನಿಶ್ಚಲನಾಗಿರುವ ಅವನನ್ನು ಕಾಲಿನಿಂದ ಮೊದಲುಮಾಡಿ ತಿನ್ನುತ್ತದೆ. ಅದು ಹಿಂದಿನ ಜನ್ಮದಲ್ಲಿ ಅವನಿಂದ ಒದೆಸಿಕೊಂಡ ಅತ್ತಿಗೆ. ಸಾಸುವೆಯ ಕಾಳನ್ನು ತಾಳದ ದೇಹ ನರಿಯ ಹಲ್ಲನ್ನು ಹೇಗೆ ತಾಳಿತು? ಈ ಪ್ರಶ್ನೆಯೇ ಕಥೆಯ ಜೀವ. ದೇಹ ಬದಲಾಗಲಿಲ್ಲ, ವೇದನೆಯೂ ಕಡಮೆಯಾಗಲಿಲ್ಲ. ದೇಹವನ್ನು ‘ನಾನು’ ಎಂದು ಹಿಡಿದಿದ್ದ ಹಿಡಿತ ಸಡಿಲಿತು. ಆದುದರಿಂದ ಇಲ್ಲಿ ಹೊಗಳಿಕೆಗೆ ಪಾತ್ರವಾದುದು ವೇದನೆಯೆಂದು ತಿಳಿಯಲಾಗದು. ವೇದನೆಯು ಒಂದು ಅಳತೆಗೋಲು ಮಾತ್ರ.

ಜೈನಶಾಸ್ತ್ರವೂ ಇದಕ್ಕೆ ಅನುಗುಣವಾಗಿದೆ. ತತ್ತ್ವಾರ್ಥಸೂತ್ರವು ಮುನಿಯು ಸಹಿಸಬೇಕಾದ ೨೨ ಪರೀಷಹಗಳನ್ನು ಹೆಸರಿಸುತ್ತದೆ, ನಿಜ. ಆದರೆ ಅದೇ ಗ್ರಂಥವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನೂ ಹೇಳುತ್ತದೆ: ಬದುಕಬೇಕೆಂಬ ಆಸೆ, ಸಾಯಬೇಕೆಂಬ ಆಸೆ, ಮಿತ್ರರಲ್ಲಿ ಅನುರಾಗ, ಹಿಂದೆ ಅನುಭವಿಸಿದ ಸುಖದ ಸ್ಮರಣೆ, ಮುಂದಿನ ಭೋಗಕ್ಕಾಗಿ ನಿದಾನ. ಬದುಕಿನ ಆಸೆಯ ಪಕ್ಕದಲ್ಲಿಯೇ ಸಾವಿನ ಆಸೆಯನ್ನೂ ದೋಷವೆಂದು ಇಟ್ಟಿರುವುದು ಅತ್ಯಂತ ಗಮನಾರ್ಹ. ದುಃಖದಿಂದ ಪಾರಾಗಲು ಸಾವನ್ನು ಕರೆಯುವವನು ಇನ್ನೂ ಸುಖಾರ್ಥಿಯೇ ಎಂಬುದು ಇದರ ಇಂಗಿತ. ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ಎಣಿಸಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ನ್ಯಾಯದ ಪ್ರಶ್ನೆ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಶಾಸ್ತ್ರಕಾರನು ಗುರುತಿಸಿದ ಈ ಭೇದ ಹೊರಗಿನ ಕಣ್ಣಿಗೆ ಎಷ್ಟು ಸುಲಭವಾಗಿ ಮರೆಯಾಗುತ್ತದೆಂಬುದಕ್ಕೆ ಆ ವಿವಾದ ನಿದರ್ಶನ. ಅನ್ಯರ ಅಂತರಂಗದಲ್ಲಿರುವುದು ಯಾವ ಆಸೆಯೆಂದು ತಿಳಿಯುವವರಾರು? ಶ್ರವಣಬೆಳ್ಗೊಳದ ನಿಸಿದಿ ಶಾಸನಗಳೂ ಹೊರಗಿನ ಘಟನೆಯನ್ನು ಮಾತ್ರ ದಾಖಲಿಸಬಲ್ಲವು. ರಾಷ್ಟ್ರಕೂಟರ ನಾಲ್ವಡಿ ಇಂದ್ರನು ೯೮೨ರಲ್ಲಿ ಅಲ್ಲಿ ದೇಹವನ್ನು ಬಿಟ್ಟನೆಂದು ಕಲ್ಲು ಹೇಳುತ್ತದೆ. ರಾಜ್ಯವನ್ನು ಕಳೆದುಕೊಂಡ ಅರಸನ ಮನಸ್ಸನ್ನು ಕಲ್ಲು ಹೇಳಲಾರದು. ಅದನ್ನು ಹೇಳಬೇಕಾದುದು ಕಾವ್ಯ.

ವಡ್ಡಾರಾಧನೆಯ ಮಿತಿಯೂ ಇಲ್ಲಿಯೇ ಇದೆ. ಕಥೆಯ ಕೊನೆಯಲ್ಲಿ ಸಹಿಸಿದವನಿಗೆ ಉತ್ತಮ ದೇವಗತಿ ದೊರೆಯುತ್ತದೆ. ಹಾಗಾದರೆ ಭೂಮಿಯ ಸುಖವನ್ನು ಕೊಟ್ಟು ಸ್ವರ್ಗದ ಸುಖವನ್ನು ಕೊಂಡಂತಾಯಿತಲ್ಲವೆ? ಇದಲ್ಲದೆ ತಾಯಿ ಯಶೋಭದ್ರೆಯ ಪ್ರಶ್ನೆ ಬೇರೆ. ಮಗನ ಮುಖವನ್ನು ಕಂಡೊಡನೆ ಗಂಡ ದೀಕ್ಷೆಗೆ ಹೋದ. ಋಷಿಯನ್ನು ಕಂಡರೆ ಮಗನೂ ಹೋದಾನೆಂದು ಆಕೆ ಮನೆಯನ್ನೇ ಕೋಟೆಯಾಗಿ ಮಾಡಿದಳು. ಒಬ್ಬನ ತ್ಯಾಗವು ಇನ್ನೊಬ್ಬಳ ದುಃಖವಾಗುವುದೆಂಬುದನ್ನು ಕಥೆಗಾರನು ಕಂಡಿದ್ದಾನೆ, ಆದರೆ ಅದರ ಮುಂದೆ ನಿಲ್ಲುವುದಿಲ್ಲ.

೨

ಪಂಪನು ೯೪೧ರಲ್ಲಿ ಆದಿಪುರಾಣವನ್ನು ರಚಿಸಿದನು. ಕಥೆ ಜಿನಸೇನಾಚಾರ್ಯರದು, ಅದನ್ನು ನಡಸಿದ ಕಾವ್ಯಪ್ರಜ್ಞೆ ಪಂಪನದು. ಮೇಲೆ ಹೇಳಿದ ಆಕ್ಷೇಪ, ಎಂದರೆ ತ್ಯಾಗವೂ ಒಂದು ಬಗೆಯ ವ್ಯಾಪಾರವೆಂಬ ಆಕ್ಷೇಪ, ಈ ಕಾವ್ಯದ ಆರಂಭದಲ್ಲಿಯೇ ಎದುರಾಗುತ್ತದೆ. ಆದಿದೇವನ ಜೀವವು ನಮಗೆ ಮೊದಲು ಕಾಣುವುದು ಜಯವರ್ಮನಾಗಿ. ತಂದೆಯು ಹಿರಿಯನಾದ ತನ್ನನ್ನು ಬಿಟ್ಟು ಕಿರಿಯನಿಗೆ ಪಟ್ಟವನ್ನು ಕಟ್ಟಿದನೆಂಬ ನೋವಿನಿಂದ ಅವನು ತಪಸ್ಸಿಗೆ ಹೋಗುತ್ತಾನೆ. ತಪಸ್ಸಿನಲ್ಲಿರುವಾಗ ಆಕಾಶದಲ್ಲಿ ಹೋಗುತ್ತಿರುವ ವಿದ್ಯಾಧರನೊಬ್ಬನ ವೈಭವವನ್ನು ಕಂಡು ತನಗೂ ಅದು ಆಗಲೆಂದು ನಿದಾನ ಮಾಡುತ್ತಾನೆ. ಹಾವು ಕಚ್ಚಿ ಸತ್ತು, ಬಯಸಿದಂತೆಯೇ ವಿದ್ಯಾಧರ ಚಕ್ರವರ್ತಿ ಮಹಾಬಲನಾಗಿ ಹುಟ್ಟುತ್ತಾನೆ. ತೀರ್ಥಂಕರನ ಭವಾವಳಿಯ ಮೊದಲ ಮೆಟ್ಟಿಲು ಒಂದು ಸೋತ ಸಂನ್ಯಾಸ! ಜಯವರ್ಮನು ರಾಜ್ಯವನ್ನು ಬಿಟ್ಟುದು ಅದು ಬೇಡವಾದುದರಿಂದಲ್ಲ, ಅದು ಸಿಕ್ಕದೆ ಹೋದುದರಿಂದ. ಹೀಗೆ ಬಿಟ್ಟುದು ಬಿಟ್ಟಂತಾಗಲಿಲ್ಲ.

ಇಲ್ಲಿಂದ ಮುಂದೆ ಹತ್ತು ಭವಗಳ ಉದ್ದಕ್ಕೂ ಭೋಗವನ್ನು ಪಂಪನು ಸಂಕೋಚವಿಲ್ಲದೆ, ತುಂಬಿದ ಕಂಠದಿಂದ ವರ್ಣಿಸುತ್ತಾನೆ. ಲಲಿತಾಂಗದೇವನಿಗೂ ಸ್ವಯಂಪ್ರಭೆಗೂ ಇರುವ ಒಲವನ್ನು ಕವಿ ಎಲ್ಲಿಯೂ ಹಳಿಯುವುದಿಲ್ಲ. ಸ್ವರ್ಗದಲ್ಲಿ ರೋಗವಿಲ್ಲ, ಮುಪ್ಪಿಲ್ಲ. ಆದರೆ ಆಯುಷ್ಯ ಮುಗಿಯಲು ಆರು ತಿಂಗಳಿರುವಾಗ ಬಾಡದ ಮಾಲೆ ಬಾಡತೊಡಗುತ್ತದೆ. ದೇವನಿಗೆ ಕೊರಳ ಮಾಲೆಯೇ ಕಾಲಜ್ಞಾನವಾಗುತ್ತದೆ. ತಪಸ್ಸಿನ ಫಲವಾಗಿ ಬಂದ ಸ್ವರ್ಗವೂ ಮುಗಿಯುತ್ತದೆಂದಾದ ಮೇಲೆ, ಸುಖವನ್ನು ಕೊಟ್ಟು ಹೆಚ್ಚಿನ ಸುಖವನ್ನು ಕೊಳ್ಳುವ ವ್ಯಾಪಾರಕ್ಕೆ ಲಾಭವೆಲ್ಲಿ? ವಡ್ಡಾರಾಧನೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಪಂಪನ ಪ್ರಶ್ನೆ ಮೊದಲಾಗುತ್ತದೆಂದು ಹೇಳಬಹುದು.

ವಜ್ರಜಂಘ ಮತ್ತು ಶ್ರೀಮತಿಯರ ಸಾವು ಇನ್ನೂ ಮಾರ್ಮಿಕವಾದುದು. ಶಯ್ಯಾಗೃಹದಲ್ಲಿ ಸುಗಂಧಧೂಪವನ್ನು ಹಾಕಿದ ಪರಿಚಾರಕರು ಗವಾಕ್ಷಗಳನ್ನು ತೆರೆಯಲು ಮರೆತರು. ಹೊಗೆ ತುಂಬಿತು, ಪರಸ್ಪರ ಆಲಿಂಗನದಲ್ಲಿದ್ದ ದಂಪತಿಗಳು ಹಾಗೆಯೇ ಪ್ರಾಣವನ್ನು ಬಿಟ್ಟರು. ಶತ್ರುವಿಲ್ಲ, ಶಾಪವಿಲ್ಲ, ಪಾಪದ ಫಲವೆಂಬ ಕಠೋರವಾದ ಮಾತೂ ಬೇಕಿಲ್ಲ. ಸುಖಕ್ಕೆಂದು ಹಾಕಿದ ಧೂಪವೇ ಸಾವಿಗೆ ಕಾರಣವಾಯಿತು. ಇದನ್ನು ಓದಿ ಭೋಗದ ಮೇಲೆ ಜುಗುಪ್ಸೆ ಹುಟ್ಟುವುದಿಲ್ಲ, ಕರುಣೆ ಹುಟ್ಟುತ್ತದೆ. ಪ್ರಣಯವನ್ನು ಅಷ್ಟು ಸಮೃದ್ಧವಾಗಿ ವರ್ಣಿಸದೆ ಹೋಗಿದ್ದರೆ ಈ ಕರುಣೆಗೆ ಎಡೆಯಿರುತ್ತಿರಲಿಲ್ಲ. ಆದುದರಿಂದ ಭೋಗವರ್ಣನೆಯು ತ್ಯಾಗಬೋಧೆಯ ನಡುವೆ ಕವಿಯು ಕದ್ದುಕೊಂಡ ವಿರಾಮವಲ್ಲ. ಬೆಲೆಯಿಲ್ಲದುದನ್ನು ಬಿಡುವುದು ತ್ಯಾಗವಾಗದು. ಬಿಡತಕ್ಕ ವಸ್ತುವಿನ ಬೆಲೆಯನ್ನು ಕಟ್ಟಿಕೊಡುವುದು ಕಾವ್ಯಧರ್ಮದ ಹೊಣೆ.

ನೀಲಾಂಜನೆಯ ನೃತ್ಯಪ್ರಸಂಗವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು. ಆದಿದೇವನಿಗೆ ವೈರಾಗ್ಯ ಹುಟ್ಟಿಸಲೆಂದು ಇಂದ್ರನು ಆಯುಷ್ಯ ಮುಗಿಯುತ್ತಿರುವ ಅಪ್ಸರೆಯೊಬ್ಬಳನ್ನು ನರ್ತನಕ್ಕೆ ನಿಯಮಿಸುತ್ತಾನೆ. ನೃತ್ಯದ ನಡುವೆ ಅವಳು ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಒಡನೆಯೇ ಅಂಥವಳೇ ಇನ್ನೊಬ್ಬಳನ್ನು ಸೃಷ್ಟಿಸುತ್ತಾನೆ. ಸಭೆಗೆ ಏನೂ ತಿಳಿಯದು; ನೃತ್ಯ ಸಾಗುತ್ತದೆ. ಆದಿದೇವನೊಬ್ಬನಿಗೆ ಮಾತ್ರ ತಿಳಿಯುತ್ತದೆ. ಏಕೆ? ಅವನು ಅವಧಿಜ್ಞಾನಿಯೆಂದು ಶಾಸ್ತ್ರದ ಉತ್ತರ. ಕಾವ್ಯದ ಉತ್ತರವೂ ಒಂದಿದೆ. ಸಭೆಯವರು ನೋಡುತ್ತಿದ್ದುದು ತಮ್ಮ ಸಂತೋಷವನ್ನು. ಅದಕ್ಕೆ ಒಬ್ಬಳ ಬದಲು ಇನ್ನೊಬ್ಬಳಾದರೂ ಸಾಕು. ಆದಿದೇವನು ನೋಡುತ್ತಿದ್ದುದು ಆ ನರ್ತಕಿಯನ್ನು. ಸಭೆಯಲ್ಲಿದ್ದ ನಿಜವಾದ ರಸಿಕನು ಅವನೊಬ್ಬನೇ ಎನ್ನಬೇಕು. ಅವನ ವೈರಾಗ್ಯವು ಕಲೆಗೆ ಬೆನ್ನು ತಿರುಗಿಸಿದುದರಿಂದ ಬರಲಿಲ್ಲ, ಅದನ್ನು ಕಡೆಯವರೆಗೂ ನೋಡಿದುದರಿಂದ ಬಂದಿತು. ವ್ಯಕ್ತಿಯನ್ನು ಮರೆತು ಸುಖವನ್ನು ಮಾತ್ರ ಹಿಡಿಯುವುದು ಭೋಗ. ಸುಖವನ್ನು ಮೀರಿ ಅದನ್ನು ಕೊಟ್ಟವಳ ಅಳಿವನ್ನು ಕಾಣುವುದು ವೈರಾಗ್ಯ. ಸುಖದ ಒಟ್ಟು ಮೊತ್ತವನ್ನು ಎಣಿಸುವ ಬೆಂಥಮನ ಲೆಕ್ಕದಲ್ಲಿ ಇಂದ್ರನು ಮಾಡಿದುದರಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆಯನ್ನು ಕಂಡವನು ಆದಿದೇವ.

ಇನ್ನು ಭರತ ಬಾಹುಬಲಿಗಳ ಪ್ರಸಂಗ. ದಿಗ್ವಿಜಯದ ತುದಿಯಲ್ಲಿ ವೃಷಭಾದ್ರಿಗೆ ಬಂದ ಭರತನು ತನ್ನ ಹೆಸರನ್ನು ಕೆತ್ತಿಸಲು ಹೋದರೆ ಅಲ್ಲಿ ಎಡೆಯೇ ಇಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳು ತುಂಬಿವೆ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಯಿತು. ಕೀರ್ತಿಸುಖದ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಅಯೋಧ್ಯೆಯ ಹೊರಗೆ ಚಕ್ರ ನಿಂತ ಮೇಲೆ ತಮ್ಮಂದಿರು ದೀಕ್ಷೆಗೆ ಹೋಗುತ್ತಾರೆ. ಬಾಹುಬಲಿ ಮಾತ್ರ ಎದುರು ನಿಲ್ಲುತ್ತಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆಲ್ಲುತ್ತಾನೆ. ಅಣ್ಣನು ಮುನಿದು ಎಸೆದ ಚಕ್ರವು ಅವನಿಗೆ ಬಲವಂದು ನಿಲ್ಲುತ್ತದೆ. ಗೆದ್ದ ಕ್ಷಣದಲ್ಲಿಯೇ ಬಾಹುಬಲಿ ಎಲ್ಲವನ್ನೂ ಬಿಡುತ್ತಾನೆ. ಜಯವರ್ಮನು ಸೋತು ಬಿಟ್ಟವನು. ಬಾಹುಬಲಿ ಗೆದ್ದು ಬಿಟ್ಟವನು. ಇದಕ್ಕಿಂತ ಪರಿಶುದ್ಧವಾದ ತ್ಯಾಗ ಯಾವುದು?

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲವೆಂಬುದೇ ಇದರ ಮಹತ್ತ್ವ. ಒಂದು ವರ್ಷ ನಿಂತರೂ, ಹುತ್ತ ಬೆಳೆದು ಬಳ್ಳಿ ಹಬ್ಬಿದರೂ, ಕೇವಲಜ್ಞಾನ ಬರಲಿಲ್ಲ. ಅಂತರಂಗದಲ್ಲಿ ಒಂದು ಸೂಕ್ಷ್ಮವಾದ ಕಷಾಯ ಉಳಿದಿತ್ತು. ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಕೊರಗೆಂದು ಕೆಲವರು, ನಿಂತ ನೆಲವೂ ಅಣ್ಣನದೆಂಬ ಮಾನವೆಂದು ಕೆಲವರು ಅದನ್ನು ವಿವರಿಸುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಅದು ಅಣ್ಣತಮ್ಮಂದಿರ ನಡುವಿನ ಗಂಟು; ಉಪವಾಸದಿಂದ ಬಿಚ್ಚುವಂಥದಲ್ಲ. ಭರತನು ತಾನೇ ಬಂದು ನಮಸ್ಕರಿಸಿದಾಗ ಅದು ಕಳಚುತ್ತದೆ. ತ್ಯಾಗಿಯ ಕೊನೆಯ ಬಂಧನವನ್ನು ಬಿಡಿಸಿದವನು ಭೋಗಿ! ದೇಹದಂಡನೆಗೆ ಎಟುಕದ ಅಹಂಕಾರವು ಒಬ್ಬರ ವಿನಯಕ್ಕೆ ಕರಗಿತು. ಆದಿಪುರಾಣವಾಗಿ ನಾಲ್ವತ್ತು ವರ್ಷಗಳ ಮೇಲೆ ಚಾವುಂಡರಾಯನು ವಿಂಧ್ಯಗಿರಿಯಲ್ಲಿ ನಿಲ್ಲಿಸಿದ ಮೂರ್ತಿಯ ತೋಳುತೊಡೆಗಳ ಮೇಲೂ ಆ ಬಳ್ಳಿಗಳಿವೆ. ನಾವು ಅವನ್ನು ತಪಸ್ಸಿನ ಅಲಂಕಾರವೆಂದು ನೋಡುತ್ತೇವೆ. ತಪಸ್ಸಿಗೂ ಸಾಲದೆ ಬಂದ ಅವಧಿಯ ಅಳತೆಯೆಂದೂ ನೋಡಬಹುದು.

೩

ಪಂಪನಿಂದ ಆರು ಶತಮಾನಗಳಷ್ಟು ಈಚೆಗೆ, ತುಳುನಾಡಿನ ಮೂಡಬಿದಿರೆಯ ರತ್ನಾಕರವರ್ಣಿಯು ಇದೇ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ಅವನ ನಾಯಕ ಬಾಹುಬಲಿಯಲ್ಲ, ಭರತ. ಕಾವ್ಯದ ಮೊದಲ ಭಾಗವೇ ಭೋಗವಿಜಯ. ಭೋಗವನ್ನು ಬಿಟ್ಟು ಗೆಲ್ಲುವುದಲ್ಲ, ಭೋಗದ ನಡುವಿದ್ದು ಗೆಲ್ಲುವುದು ಇಲ್ಲಿನ ಆದರ್ಶ. ಅರಸಿಯರ ನಡುವೆ, ಸಂಗೀತದ ನಡುವೆ, ಆಸ್ಥಾನದಲ್ಲಿ, ಊಟದ ಮನೆಯಲ್ಲಿ ಇರುವ ಭರತನು ಬಯಸಿದಾಗ ಕಣ್ಣು ಮುಚ್ಚಿ ಆತ್ಮಧ್ಯಾನದಲ್ಲಿ ಮುಳುಗಬಲ್ಲ. ಪಂಪನಲ್ಲಿ ಅಷ್ಟು ತೀವ್ರವಾಗಿದ್ದ ದಾಯಾದ್ಯದ ಹೋರಾಟವನ್ನೂ ರತ್ನಾಕರನು ಮೆದುವಾಗಿಸಿ, ಭರತನ ಮಾತಿನಿಂದಲೇ ಬಾಹುಬಲಿಯ ಮನಸ್ಸನ್ನು ಕರಗಿಸುತ್ತಾನೆ. ಕೊನೆಯಲ್ಲಿ ದೀಕ್ಷೆ ಪಡೆದ ಅಲ್ಪಕಾಲದಲ್ಲಿಯೇ ಭರತನಿಗೆ ಕೇವಲಜ್ಞಾನವಾಗುತ್ತದೆ. ವರ್ಷಗಟ್ಟಲೆ ನಿಂತ ತಮ್ಮನಿಗೆ ಬಾರದುದು ಅರಮನೆಯಲ್ಲಿದ್ದ ಅಣ್ಣನಿಗೆ ಅಷ್ಟು ಬೇಗ ಬಂದಿತು.

ಪಂಪನ ಒಳನೋಟವನ್ನು ರತ್ನಾಕರನು ಅದರ ತಾರ್ಕಿಕವಾದ ಕೊನೆಗೆ ಒಯ್ದಿದ್ದಾನೆ. ಬಂಧನವು ವಸ್ತುವಿನಲ್ಲಿಲ್ಲ, ಹಿಡಿಯುವ ಕೈಯಲ್ಲಿದೆ ಎಂದಾದರೆ ವಸ್ತುವನ್ನು ಎಸೆಯುವುದು ಅನಿವಾರ್ಯವಲ್ಲ. ಸಂಸಾರಿಗಳಾದ ಓದುಗರಿಗೆ ಇದೊಂದು ದೊಡ್ಡ ಸಾಂತ್ವನ. ಭರತೇಶ ವೈಭವದ ಜನಪ್ರಿಯತೆಗೆ ಇದೂ ಒಂದು ಕಾರಣವಿರಬೇಕು.

ಆದರೆ ವಿಮರ್ಶೆ ಸಾಂತ್ವನದಿಂದ ತೃಪ್ತವಾಗಲಾರದು. ಹಿಡಿಯುವ ಕೈ ಸಡಿಲಿದೆಯೆಂಬುದಕ್ಕೆ ಪ್ರಮಾಣವೇನು? ಸುಕುಮಾರನಿಗೆ ನರಿ ಬಂದಿತು. ಬಾಹುಬಲಿಗೆ ಒಂದು ವರ್ಷದ ನಿಷ್ಫಲತೆ ಬಂದಿತು. ಆದಿದೇವನಿಗೆ ನೀಲಾಂಜನೆ ಇಲ್ಲವಾದಳು. ರತ್ನಾಕರನ ಭರತನ ಭೋಗಯೋಗಕ್ಕೆ ಕಾವ್ಯದ ಬಹುಭಾಗದಲ್ಲಿ ಅಂಥ ಕಠಿನ ಪರೀಕ್ಷೆ ಒದಗುವುದಿಲ್ಲ. ಅವನಿಗೆ ಸಿಕ್ಕದ ವಸ್ತುವಿಲ್ಲ. ಹೀಗಿರಲು ಬೇಡವೆನ್ನುವ ಶಕ್ತಿ ಅವನಲ್ಲಿದೆಯೆಂಬುದನ್ನು ನಾವು ಕವಿಯ ಮಾತಿನ ಮೇಲೆ ನಂಬಬೇಕು. ತೊಂಬತ್ತಾರು ಸಾವಿರ ಅರಸಿಯರು ಅವನ ಅನಾಸಕ್ತಿಯ ಸಾಕ್ಷಿಗಳಾಗಿ ನಿಲ್ಲುತ್ತಾರೆಯೇ ಹೊರತು ಅವರ ಸುಖದುಃಖವೇನೆಂಬುದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಇನ್ನೊಬ್ಬರ ದುಃಖವನ್ನು ಕಾಣದ ಅನಾಸಕ್ತಿಗೂ ನೀಲಾಂಜನೆಯ ಅಳಿವನ್ನು ಕಾಣದ ಸಭೆಗೂ ಎಷ್ಟು ಅಂತರ? ರತ್ನಾಕರನ ಮನೋಹರವಾದ ಕಾವ್ಯವನ್ನು ಅವಮಾನಿಸಲು ಈ ಪ್ರಶ್ನೆಯನ್ನು ಕೇಳುತ್ತಿಲ್ಲ. ಪಂಪನನ್ನು ಓದಿದವನು ಕೇಳದೆ ಇರಲಾರನು.

೪

ಇಷ್ಟರಿಂದ ಫಲಿಸುವುದನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಈ ಮೂರು ಕೃತಿಗಳಲ್ಲಿ ಯಾವುದೂ ದುಃಖವನ್ನು ದುಃಖವೆಂಬ ಕಾರಣಕ್ಕೆ ಪೂಜಿಸುವುದಿಲ್ಲ. ದುಃಖವು ಹಿಡಿತದ ಅಳತೆ. ಅಳತೆಗೋಲನ್ನೇ ಧಾನ್ಯವೆಂದು ಭ್ರಮಿಸಬಾರದು. ಎರಡನೆಯದಾಗಿ, ತ್ಯಾಗಕ್ಕೆ ವಿರುದ್ಧವಾದುದು ಸುಖವಲ್ಲ, ನಿದಾನ. ಬಿಟ್ಟುದಕ್ಕೆ ಪ್ರತಿಫಲವನ್ನು ಕೇಳುವ ಮನಸ್ಸು ಜಯವರ್ಮನಂತೆ ಕಾಡಿನಲ್ಲಿದ್ದರೂ ಮಾರುಕಟ್ಟೆಯಲ್ಲಿಯೇ ಇರುತ್ತದೆ. ಮೂರನೆಯದಾಗಿ, ತ್ಯಾಗವು ಒಬ್ಬನ ಸ್ವಂತ ವ್ಯವಹಾರವಲ್ಲ. ಯಶೋಭದ್ರೆಯ ಭಯ, ಬಾಹುಬಲಿಯ ಕಷಾಯ, ಅರಸಿಯರ ಮೌನ ಇವು ಮೂರೂ ತ್ಯಾಗಿಯ ಸುತ್ತಲಿರುವವರನ್ನು ನೆನಪಿಸುತ್ತವೆ. ಬಾಹುಬಲಿಯ ಬಿಡುಗಡೆಗೆ ಇನ್ನೊಬ್ಬನು ನಡೆದು ಬರಬೇಕಾಯಿತು.

ಭೋಗವರ್ಣನೆಯನ್ನು ಕಾವ್ಯವೆಂದೂ ತ್ಯಾಗವನ್ನು ಮತವೆಂದೂ ಇಬ್ಭಾಗಿಸುವ ಬೋಧನೆಯಿಂದ ನಷ್ಟವಾಗುವುದು ಈ ಮೂರನೆಯ ವಿಚಾರವೇ. ಹಾಗೆ ಇಬ್ಭಾಗಿಸಿದವನಿಗೆ ನೀಲಾಂಜನೆ ವೈರಾಗ್ಯಕ್ಕೆ ಒಂದು ನೆಪ ಮಾತ್ರ. ಒಬ್ಬಳ ಸ್ಥಾನಕ್ಕೆ ಇನ್ನೊಬ್ಬಳು ಬಂದರೂ ಅವನ ಪಾಠಕ್ಕೆ ಭಂಗವಿಲ್ಲ. ಕಾವ್ಯವನ್ನು ಓದುವಾಗ ನಾವು ಕುಳಿತಿರುವುದು ಇಂದ್ರನ ಸಭೆಯವರ ಸಾಲಿನಲ್ಲಿಯೋ, ಆದಿದೇವನ ಪಕ್ಕದಲ್ಲಿಯೋ ಎಂಬುದನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮತಮ್ಮಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.